ವಿಶ್ವವಿದ್ಯಾಲಯದ ವೆಬ್‌ಸೈಟ್ ಎಲ್ಲಿಡಬೇಕು, ಫೈಲ್ ಎಲ್ಲಿಡಬೇಕು?

"ವಿಭಾಗಕ್ಕೆ ಒಂದು ವೆಬ್‌ಸೈಟ್ ಬೇಕು, ಫೈಲ್ ಇಡೋಕೆ ಜಾಗವೂ ಬೇಕು, ಯಾವುದು ತಗೊಳ್ಳೋಣ ಸರ್?" ಮುಂಬಯಿಯ ಕಲೀನಾದಲ್ಲಿ, ಪುಣೆಯ ಗಣೇಶಖಿಂಡದಲ್ಲಿ, ಗೋವಾದ ತಾಳೆಗಾಂವ್ ಗುಡ್ಡದ ಮೇಲೆ, ಎಲ್ಲೇ ಹೋದರೂ ಪ್ರಶ್ನೆ ಹೀಗೇ ಇರುತ್ತದೆ. ಕೇಳುವವರಿಗೆ ಬೇಕಿರುವುದು ಒಂದು ಕಂಪನಿಯ ಹೆಸರು. ಆದರೆ ಇಲ್ಲಿರುವುದು ಎರಡು ಪ್ರಶ್ನೆ. ವೆಬ್‌ಸೈಟ್ ಇರುವುದು ಊರಿಗೆಲ್ಲ ತೋರಿಸಲಿಕ್ಕೆ. ಫೈಲ್ ಸಂಗ್ರಹ ಇರುವುದು ನಮ್ಮದು ಕಳೆದುಹೋಗದಿರಲಿಕ್ಕೆ. ಮೊದಲನೆಯದಕ್ಕೆ ಹಗಲು ರಾತ್ರಿ ಓಡುವ ಸರ್ವರ್ ಬೇಕು, ಜಾಗ ಸ್ವಲ್ಪ ಸಾಕು. ಎರಡನೆಯದಕ್ಕೆ ಜಾಗ ಜಾಸ್ತಿ ಬೇಕು. ಅದನ್ನು ಒಂದು ವಾರ ಯಾರೂ ತೆರೆಯದಿದ್ದರೂ ನಷ್ಟವಿಲ್ಲ, ಆದರೆ ಹತ್ತು ವರ್ಷ ಬಿಟ್ಟು ತೆರೆದರೂ ಫೈಲ್ ಇದ್ದ ಹಾಗೇ ಇರಬೇಕು.

ಎರಡಕ್ಕೂ ಒಂದೇ ಪ್ಲ್ಯಾನ್ ಕೊಂಡು ಮುಗಿಸಿಬಿಡೋಣ ಅಂತ ಅನಿಸುವುದು ಸಹಜ. ವೆಬ್‌ಸೈಟ್‌ಗೆ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪನಿಗಳು "ಅನ್‌ಲಿಮಿಟೆಡ್ ಸ್ಪೇಸ್" ಅಂತ ದೊಡ್ಡದಾಗಿ ಬರೆದುಕೊಂಡಿರುತ್ತವೆ. ಕರಾರಿನ ಸಣ್ಣ ಅಕ್ಷರ ಓದಿದರೆ ಬೇರೆಯೇ ಕಥೆ. ಅಂಥ ಹೆಚ್ಚಿನ ಪ್ಲ್ಯಾನ್‌ಗಳಲ್ಲಿ ಫೈಲ್‌ಗಳ ಸಂಖ್ಯೆಗೆ ಮಿತಿ ಇರುತ್ತದೆ. ಬ್ಯಾಕಪ್ ಅಥವಾ ಫೈಲ್ ಗೋದಾಮಾಗಿ ಬಳಸಬಾರದು ಎಂಬ ಷರತ್ತೂ ಇರುತ್ತದೆ. ನೀವು ನೂರಾರು ಗಂಟೆಯ ಆಡಿಯೋ ಹಾಕಿದ ಮೇಲೆ ಒಂದು ದಿನ ಖಾತೆ ನಿಂತರೆ ಕಂಪನಿಯನ್ನು ಬೈದು ಉಪಯೋಗವಿಲ್ಲ. ಅವರು ಮೊದಲೇ ಬರೆದಿಟ್ಟಿದ್ದರು.

ಇದೆಲ್ಲ ಅಂಗಡಿಗೂ ಅನ್ವಯಿಸುತ್ತದೆ, ಆಫೀಸಿಗೂ ಅನ್ವಯಿಸುತ್ತದೆ. ವಿಶ್ವವಿದ್ಯಾಲಯಕ್ಕೆ ಮಾತ್ರ ಇರುವ ಕಷ್ಟ ಬೇರೆ. ಇಲ್ಲಿ ಜನ ನಿಲ್ಲುವುದಿಲ್ಲ. ಎಂಎ ಎರಡು ವರ್ಷ. ಪಿಎಚ್‌ಡಿ ನಾಲ್ಕೋ ಐದೋ ವರ್ಷ. ಗಂಟೆ ಲೆಕ್ಕದ ಸಿಎಚ್‌ಬಿ ಉಪನ್ಯಾಸಕರು ಮುಂದಿನ ಸೆಮಿಸ್ಟರ್‌ಗೆ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಮುಖ್ಯಸ್ಥರ ಕುರ್ಚಿಯೂ ಸರದಿಯಲ್ಲಿ ಸುತ್ತುತ್ತದೆ. ವೆಬ್‌ಸೈಟ್ ಮಾಡುವವರು ಮಾತ್ರ ಸಾಮಾನ್ಯವಾಗಿ ಒಬ್ಬರೇ, ಕಂಪ್ಯೂಟರ್ ಸ್ವಲ್ಪ ಗೊತ್ತಿರುವ ಉತ್ಸಾಹಿ ವಿದ್ಯಾರ್ಥಿ. ಡೊಮೇನ್ ಅಂದರೆ ವೆಬ್ ವಿಳಾಸ ಅವನ ಹೆಸರಲ್ಲಿ, ಪಾಸ್‌ವರ್ಡ್ ಅವನ ಫೋನಲ್ಲಿ, ಹಣ ಅವನ ಕಾರ್ಡಿನಿಂದ. ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂದರೆ ವಿಭಾಗದ ವೆಬ್‌ಸೈಟ್ ಕೂಡ ಅವನ ಜೊತೆ ರೈಲು ಹತ್ತಿದಂತೆ.

ಅದಕ್ಕೇ ನಾನು ಎಷ್ಟು ಜಿಬಿ, ಎಷ್ಟು ರೂಪಾಯಿ ಅಂತ ಮೊದಲು ಕೇಳುವುದಿಲ್ಲ. ಇದನ್ನು ಮಾಡಿದವರು ಹೋದ ಮೇಲೆ ಕೀಲಿ ಯಾರ ಹತ್ತಿರ ಇರುತ್ತದೆ? ಈ ಕಂಪನಿಯನ್ನು ಬಿಡಬೇಕಾದರೆ ಸಾಮಾನು ಹೊರಗೆ ತರುವುದು ಹೇಗೆ? ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಮಿಕ್ಕಿದ್ದು ಬರೀ ಲೆಕ್ಕ.

ಲೆಕ್ಕ ಮೊದಲು ಮುಗಿಸೋಣ

ಒಬ್ಬ ಸಂಶೋಧಕಿಯನ್ನು ಊಹಿಸಿಕೊಳ್ಳಿ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ಮುಂಬಯಿ ಕನ್ನಡಿಗರ ರಾತ್ರಿಶಾಲೆಗಳು. ಹಗಲು ಹೋಟೆಲ್‌ನಲ್ಲಿ ದುಡಿದು ರಾತ್ರಿ ಓದಿದ ಹಿರಿಯರನ್ನು ಹುಡುಕಿ ಮಾತಾಡಿಸುತ್ತಾಳೆ, ರೆಕಾರ್ಡ್ ಮಾಡುತ್ತಾಳೆ. ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡುತ್ತಾಳೆ. ನಡುವೆ ಒಂದು ರಾತ್ರಿ ಯಕ್ಷಗಾನವನ್ನೂ ಚಿತ್ರೀಕರಿಸುತ್ತಾಳೆ. ಅವಳಿಗೆ ಎಷ್ಟು ಜಾಗ ಬೇಕು?

ಬರಹಕ್ಕೆ ಏನೇನೂ ಬೇಡ. ಯುನಿಕೋಡ್ ಕನ್ನಡವನ್ನು ಇಂದಿನ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಉಳಿಸುವ ರೀತಿಯಲ್ಲಿ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು, ಒಂದೊಂದು ಒತ್ತಿನ ಗುರುತು ಮೂರು ಬೈಟ್ ತಿನ್ನುತ್ತದೆ. ಹಾಗಿದ್ದರೂ 300 ಪುಟದ ಪ್ರಬಂಧದ ಬರೀ ಪಠ್ಯ ಹೆಚ್ಚುಕಡಿಮೆ ಒಂದೂವರೆ ಎಂಬಿ ಅಷ್ಟೆ. ಆಡಿಯೋ ಬಂತೆಂದರೆ ಲೆಕ್ಕ ಏರುತ್ತದೆ. ಸಿಡಿ ಗುಣಮಟ್ಟದಲ್ಲಿ ಕುಗ್ಗಿಸದೆ ಇಟ್ಟರೆ ಒಂದು ಗಂಟೆಗೆ 600 ಎಂಬಿ ದಾಟುತ್ತದೆ. ಅದನ್ನೇ ಸಾಧಾರಣ ಎಂಪಿ3 ಮಾಡಿದರೆ 60 ಎಂಬಿಯೊಳಗೆ ಮುಗಿಯುತ್ತದೆ. ಒಂದು ಎ4 ಪುಟವನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. ಅಂಥ 300 ಪುಟದ ಸಂಚಿಕೆ 8 ಜಿಬಿ ಹತ್ತಿರ. ಫೋನಿನ ಸಾಮಾನ್ಯ ಎಚ್‌ಡಿ ವಿಡಿಯೋ ಗಂಟೆಗೆ 4ರಿಂದ 8 ಜಿಬಿ. ಬೆಳಗಿನವರೆಗೆ ನಡೆಯುವ ಆಟ ಎಂಟು ಗಂಟೆ ಅಂದರೆ 30ರಿಂದ 60 ಜಿಬಿ.

ನೋಡಿ, ಅವಳ ಪ್ರಬಂಧ ಒಂದು ಹಳೆಯ ಫ್ಲಾಪಿಯಲ್ಲಿ ಹೆಚ್ಚುಕಡಿಮೆ ಹಿಡಿಸುತ್ತದೆ. ಅದಕ್ಕೆ ಆಧಾರವಾದ ಸಾಮಗ್ರಿಗೆ ಒಂದು ಟಿಬಿ, ಅಂದರೆ ಸಾವಿರ ಜಿಬಿ, ಬೇಕಾಗಬಹುದು. ವೆಬ್‌ಸೈಟ್‌ನಲ್ಲಿ ತೋರಿಸುವುದು ಆಯ್ದ ಹತ್ತು ನಿಮಿಷದ ತುಣುಕುಗಳು, ಕುಗ್ಗಿಸಿದ ಪಿಡಿಎಫ್‌ಗಳು, ನಾಲ್ಕು ಪುಟ ಬರಹ. ಅದಕ್ಕೆ ಒಂದೆರಡು ಜಿಬಿ ಧಾರಾಳ. ದೊಡ್ಡದನ್ನು ತೋರಿಸುವ ಜಾಗದಲ್ಲಿ ತುಂಬುವುದೂ ಬೇಡ, ಕಾಪಾಡುವ ಜಾಗವನ್ನು ಲೋಕಕ್ಕೆ ತೆರೆದಿಡುವುದೂ ಬೇಡ.

ವೆಬ್‌ಸೈಟ್: ವಿಳಾಸ ಬೇರೆ, ಮನೆ ಬೇರೆ

ಜನ ಸಾಮಾನ್ಯವಾಗಿ ಬೆರೆಸಿಬಿಡುವ ಎರಡು ಸಂಗತಿ ಡೊಮೇನ್ ಮತ್ತು ಹೋಸ್ಟಿಂಗ್. ಡೊಮೇನ್ ಅಂದರೆ ವಿಳಾಸ. ಹೋಸ್ಟಿಂಗ್ ಅಂದರೆ ಆ ವಿಳಾಸ ತೋರಿಸುವ ಕಂಪ್ಯೂಟರ್. ಎರಡನ್ನೂ ಒಂದೇ ಕಂಪನಿಯಿಂದ ಕೊಳ್ಳಬೇಕೆಂಬ ನಿಯಮವಿಲ್ಲ. ಯಾವ ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಎಂಬುದನ್ನು ಡಿಎನ್‌ಎಸ್ ಎಂಬ ಪಟ್ಟಿಯಲ್ಲಿ ಒಂದು ಸಾಲು ಬರೆದು ಹೇಳುತ್ತಾರೆ. ಸರ್ವರ್ ಬದಲಿಸಿದಾಗ ಆ ಸಾಲು ಬದಲಿಸಿದರೆ ಸಾಕು. ಓದುಗರಿಗೆ ಬದಲಾದದ್ದೇ ತಿಳಿಯುವುದಿಲ್ಲ.

ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ವಿಳಾಸವನ್ನು ವಿಶ್ವವಿದ್ಯಾಲಯದಿಂದಲೇ ಪಡೆಯಿರಿ. ಡಾಟ್ ಎಸಿ ಡಾಟ್ ಇನ್ ಎಂದು ಕೊನೆಯಾಗುವ ಹೆಸರುಗಳನ್ನು ನಮ್ಮ ದೇಶದಲ್ಲಿ ನೋಂದಾಯಿಸುವುದು ಅರ್ನೆಟ್ ಇಂಡಿಯಾ ಎಂಬ ಸರಕಾರಿ ಸಂಸ್ಥೆ. ಅದನ್ನು ಯಾರೋ ಒಬ್ಬರು ಕಾರ್ಡ್ ಉಜ್ಜಿ ಕೊಳ್ಳಲಾಗದು, ಸಂಸ್ಥೆಯೇ ಬೇಡಬೇಕು. ನಿಮ್ಮ ವಿಶ್ವವಿದ್ಯಾಲಯದ ಹತ್ತಿರ ಈಗಾಗಲೇ ಒಂದು ಹೆಸರಿದೆ. ಅದರ ಕೆಳಗೆ ವಿಭಾಗದ ಹೆಸರಲ್ಲಿ ಒಂದು ಉಪವಿಳಾಸ ಕೊಡಿ ಎಂದು ಮುಖ್ಯಸ್ಥರ ಸಹಿ ಹಾಕಿಸಿ ಕಂಪ್ಯೂಟರ್ ಕೇಂದ್ರಕ್ಕೆ ಪತ್ರ ಬರೆಯಬೇಕು. ಹೌದು, ನಿಧಾನ. ಕಡತ ಮೇಜಿನಿಂದ ಮೇಜಿಗೆ ನಡೆದೇ ಹೋಗುತ್ತದೆ. ಆದರೆ ಒಮ್ಮೆ ಸಿಕ್ಕ ಮೇಲೆ ಅದು ಯಾರೋ ಹುಡುಗನ ಡೆಬಿಟ್ ಕಾರ್ಡ್ ಅವಧಿ ಮುಗಿದದ್ದಕ್ಕೆ ಸಾಯುವುದಿಲ್ಲ.

ಹೊರಗೆ ಕೊಂಡ ಡೊಮೇನ್ ನವೀಕರಿಸದೆ ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ? ಸ್ವಲ್ಪ ಕಾಲ ಕಾದು ಅದನ್ನು ಮತ್ತೆ ಮಾರುಕಟ್ಟೆಗೆ ಬಿಡುತ್ತಾರೆ. ಹಳೆಯ ಕೊಂಡಿಗಳಿರುವ ಹೆಸರುಗಳಿಗಾಗಿ ಕಾದು ಕೂತವರು ಕೊಳ್ಳುತ್ತಾರೆ. ನಿನ್ನೆಯವರೆಗೆ ವಿಚಾರ ಸಂಕಿರಣದ ಕರಪತ್ರ ಇದ್ದ ವಿಳಾಸದಲ್ಲಿ ಇವತ್ತು ರಮ್ಮಿ ಜಾಹೀರಾತು.

ಇನ್ನು ಮನೆ, ಅಂದರೆ ಸರ್ವರ್. ಅಗ್ಗದ ಶೇರ್ಡ್ ಹೋಸ್ಟಿಂಗ್ ಗಿರಗಾಂವ್‌ನ ಹಳೆಯ ಚಾಳ್ ಇದ್ದ ಹಾಗೆ. ಖೋಲಿ ನಿಮ್ಮದು, ನಲ್ಲಿ ಎಲ್ಲರದು. ಪಕ್ಕದವರು ನೀರು ಜಾಸ್ತಿ ಬಿಟ್ಟರೆ ನಿಮ್ಮ ಕೊಡ ತುಂಬುವುದಿಲ್ಲ. ಒಂದೇ ಯಂತ್ರದಲ್ಲಿ ನೂರಾರು ಸೈಟ್ ಇರುತ್ತವೆ, ಯಾವುದೋ ಒಂದಕ್ಕೆ ಜನ ನುಗ್ಗಿದರೆ ನಿಮ್ಮದು ನಿಧಾನವಾಗುತ್ತದೆ. ವಿಭಾಗದ ಸಾಧಾರಣ ಸೈಟ್‌ಗೆ ಇದು ಸಾಕು. ಪರೀಕ್ಷೆ ಫಲಿತಾಂಶ ಹಾಕುವ ಸೈಟ್‌ಗೆ ಸಾಲದು. ಆ ದಿನ ಸಾವಿರಾರು ಮಕ್ಕಳು ಒಂದೇ ನಿಮಿಷದಲ್ಲಿ ಬರುತ್ತಾರೆ, ಪುಟ ಬಾರದಿದ್ದರೆ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ, ಒತ್ತಡ ಇನ್ನೂ ಏರುತ್ತದೆ. ಅಂಥದ್ದಕ್ಕೆ ಬೇಕಾದಾಗ ಹಿಗ್ಗುವ, ಬೇಡವಾದಾಗ ಕುಗ್ಗುವ ಕ್ಲೌಡ್ ಸರ್ವರ್ ಬೇಕು.

ನಡುವೆ ವಿಪಿಎಸ್ ಅಂತ ಒಂದಿದೆ. ಒಂದು ದೊಡ್ಡ ಯಂತ್ರದ ಪಾಲು ನಿಮಗೇ ಮೀಸಲು, ಒಳಗೆ ಏನು ಬೇಕಾದರೂ ಹಾಕಿಕೊಳ್ಳಬಹುದು. ಅದರರ್ಥ ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲವೂ ನಿಮ್ಮದೇ ಹೊಣೆ. ಅಂಥ ಯಂತ್ರ ನಡೆಸುವ ಲಿನಕ್ಸ್ ತಂತ್ರಾಂಶ ಬಲ್ಲವರು ವಿಭಾಗದಲ್ಲಿ ಖಾಯಂ ಆಗಿ ಇಲ್ಲದಿದ್ದರೆ ಆ ಕಡೆ ತಲೆ ಹಾಕದಿರುವುದು ಕ್ಷೇಮ.

ನಮ್ಮ ವಿಭಾಗದಲ್ಲೇ ಒಂದು ಸರ್ವರ್ ಇಟ್ಟುಕೊಂಡರೆ? ಸ್ವಂತದ್ದು ಎಂಬ ಸಮಾಧಾನವೇನೋ ಇದೆ. ಆದರೆ ಯಂತ್ರದ ಬೆಲೆಯ ಜೊತೆಗೆ ಯುಪಿಎಸ್, ವರ್ಷವಿಡೀ ಎಸಿ, ವಾರ್ಷಿಕ ನಿರ್ವಹಣೆಯ ಕರಾರು (ಎಎಂಸಿ), ರಾತ್ರಿ ನಿಂತುಹೋದರೆ ಬಂದು ನೋಡುವ ಒಬ್ಬ ಮನುಷ್ಯ, ಇವೂ ಲೆಕ್ಕಕ್ಕೆ ಬರಬೇಕು. ಗೋವಾದ ಮಳೆಗಾಲದಲ್ಲಿ ಕರೆಂಟ್ ಆಡುವ ಆಟ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಪಕ್ಕದ ಕಲೀನಾದ ತಗ್ಗು ಕಾಲೊನಿಗಳಲ್ಲಿ ನೆಲಮಹಡಿಗಳು ಮುಳುಗಿದ್ದವು. ಸರ್ವರ್ ಕೋಣೆ ಯಾವ ಮಹಡಿಯಲ್ಲಿದೆ ಎಂಬುದು ಈ ಊರಿನಲ್ಲಿ ಕೇಳಲೇಬೇಕಾದ ಪ್ರಶ್ನೆ. ದೊಡ್ಡ ಪ್ರಯೋಗಗಳ ಅಪಾರ ಡೇಟಾ ಇರುವ ಸಂಸ್ಥೆಗಳಿಗೆ ಸ್ವಂತ ಯಂತ್ರ ಅನಿವಾರ್ಯ. ಪುಣೆ ಬಳಿಯ ಖೋಡದ್‌ನ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಸಂಕೇತಗಳನ್ನು ಯಾರೂ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇಡುವುದಿಲ್ಲ. ಭಾಷಾ ವಿಭಾಗಕ್ಕೆ ಆ ಉಸಾಬರಿ ಬೇಡ.

ನನ್ನ ಮಟ್ಟಿಗೆ ಬಹಳ ವಿಭಾಗಗಳಿಗೆ ಒಳ್ಳೆಯದು ಸ್ಟ್ಯಾಟಿಕ್ ಸೈಟ್. ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಂಥ ತಂತ್ರಾಂಶ ಪ್ರತಿ ಸಲ ಡೇಟಾಬೇಸ್‌ನಿಂದ ಹೆಕ್ಕಿ ಪುಟ ಕಟ್ಟುತ್ತದೆ. ಸ್ಟ್ಯಾಟಿಕ್ ಸೈಟ್‌ನಲ್ಲಿ ಪುಟಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ. ಡೇಟಾಬೇಸ್ ಇಲ್ಲ, ಪ್ಲಗಿನ್ ಎಂಬ ಹೆಚ್ಚುವರಿ ತುಣುಕುಗಳಿಲ್ಲ, ಲಾಗಿನ್ ಪುಟವೂ ಇಲ್ಲ. ಎರಡು ವರ್ಷ ಯಾರೂ ಮುಟ್ಟದಿದ್ದರೂ ಹಾಳಾಗುವುದು ಕಡಿಮೆ. ವರ್ಡ್‌ಪ್ರೆಸ್ ಕೆಟ್ಟದ್ದೇನಲ್ಲ, ಆದರೆ ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಶಿಕ್ಷಣ ಸಂಸ್ಥೆಗಳ ವಿಳಾಸಕ್ಕೆ ಸರ್ಚ್ ಎಂಜಿನ್‌ಗಳಲ್ಲಿ ಒಳ್ಳೆಯ ಮಾನ ಇರುವುದರಿಂದ ಅಂಥ ಸೈಟ್‌ಗಳೊಳಗೆ ಜೂಜಿನ ಪುಟ ತೂರಿಸುವವರಿಗೆ ಅದೇ ಲಾಭ. ಮುಖಪುಟ ಚೆನ್ನಾಗೇ ಕಾಣುತ್ತಿರುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಮಾತ್ರ ವಿಭಾಗದ ಹೆಸರಿನ ಕೆಳಗೆ ಬೆಟ್ಟಿಂಗ್ ಕಾಣುತ್ತದೆ.

ಪ್ರೋಗ್ರಾಮ್ ಬರೆಯುವವರು ಕೋಡ್ ಇಡುವ ಗಿಟ್‌ಹಬ್ ತಾಣದ ಪೇಜಸ್ ಸೇವೆಯಲ್ಲಿ ಸ್ಟ್ಯಾಟಿಕ್ ಸೈಟ್ ಉಚಿತ. ಸೈಟ್ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿ ಸಾಗಣೆ ಎಂಬ ಸಡಿಲ ಮಿತಿ ಇದೆ. ವಿಭಾಗದ ಸೈಟ್ ಅಷ್ಟು ಮುಟ್ಟುವುದು ಅಪರೂಪ. ವಿಶ್ವವಿದ್ಯಾಲಯದ ಉಪವಿಳಾಸವನ್ನು ಅದಕ್ಕೆ ಜೋಡಿಸಬಹುದು. ಖಾತೆ ಮಾತ್ರ ಒಬ್ಬರ ಹೆಸರಲ್ಲಿ ಬೇಡ, ವಿಭಾಗದ ಹೆಸರಲ್ಲಿ ಸಂಸ್ಥೆಯ ಖಾತೆ ತೆರೆದು ಅದಕ್ಕೆ ಕನಿಷ್ಠ ಇಬ್ಬರು ಒಡೆಯರನ್ನು ಸೇರಿಸಿ, ಅದರಲ್ಲಿ ಒಬ್ಬರು ಖಾಯಂ ಅಧ್ಯಾಪಕರಾಗಿರಲಿ.

ಸಂಕಿರಣಕ್ಕೊಂದು ಸೈಟ್ ಮಾಡುವ ಚಟ ನಮ್ಮವರಿಗೆ ಜಾಸ್ತಿ. ಮಾಡಿ, ತಪ್ಪಿಲ್ಲ. ಸಂಕಿರಣ ಮುಗಿದ ವಾರ ಅದರ ಪುಟಗಳನ್ನು ಸ್ಟ್ಯಾಟಿಕ್ ಪ್ರತಿ ತೆಗೆದು ವಿಭಾಗದ ಸೈಟ್‌ನೊಳಗೆ ಒಂದು ಫೋಲ್ಡರ್‌ನಲ್ಲಿಡಿ, ಮೂಲ ಸೈಟ್ ಮುಚ್ಚಿಬಿಡಿ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ವರದಿ ಕೊಟ್ಟಿತು. 2013ರಲ್ಲಿದ್ದ ವೆಬ್ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಕೊಟ್ಟ ಕೊಂಡಿಗಳು ಇದರಲ್ಲೇ ಸೇರುತ್ತವೆ.

ಫೈಲ್: ಕೊಟ್ಟವರು ಕಿತ್ತುಕೊಳ್ಳಬಹುದು

ಗೂಗಲ್ ಹಿಂದೆ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಉಚಿತವಾಗಿ ಕೊಟ್ಟಿತ್ತು. ಎಷ್ಟೋ ವಿಶ್ವವಿದ್ಯಾಲಯಗಳು ಅದನ್ನೇ ನಂಬಿ ಎಲ್ಲವನ್ನೂ ಅಲ್ಲಿ ಸುರಿದವು. 2021ರಲ್ಲಿ ನಿಯಮ ಬದಲಾಯಿತು. 2022ರ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಮಾತ್ರ. ಮೈಕ್ರೋಸಾಫ್ಟ್ ಕೂಡ ಅದೇ ದಾರಿ ಹಿಡಿದು 2024ರಲ್ಲಿ ಉಚಿತ ಜಾಗವನ್ನು ಸಂಸ್ಥೆಗೆ 100 ಟಿಬಿಗೆ ಇಳಿಸಿತು. ಕೇಳಲು 100 ಟಿಬಿ ದೊಡ್ಡದು. ಇಪ್ಪತ್ತು ಸಾವಿರ ಜನರಿಗೆ ಹಂಚಿದರೆ ತಲೆಗೆ 5 ಜಿಬಿ. ಯಾರು ಖಾತೆ ತೆರೆದರೂ ಸಿಗುವ ಉಚಿತ ಜಿಮೇಲ್‌ನಲ್ಲೇ 15 ಜಿಬಿ ಇದೆಯಲ್ಲ! ನಮ್ಮ ಸಂಶೋಧಕಿಯ ಯಕ್ಷಗಾನದ ಒಂದು ರಾತ್ರಿ ಹತ್ತು ಜನರ ಪಾಲನ್ನು ನುಂಗಬಹುದು.

ಉಚಿತ ಸಿಕ್ಕಿದ್ದನ್ನು ಬಳಸಬೇಡಿ ಅಂತಲ್ಲ. ದಿನನಿತ್ಯದ ಕೆಲಸಕ್ಕೆ, ಜೊತೆಗೂಡಿ ಬರೆಯಲಿಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೆ ಫೈಲ್ ಯಾರ ಒಡೆತನದಲ್ಲಿದೆ ನೋಡಿಕೊಳ್ಳಿ. ಗೂಗಲ್ ಡ್ರೈವ್‌ನ "ಮೈ ಡ್ರೈವ್"ನಲ್ಲಿ ಇಟ್ಟದ್ದು ಇಟ್ಟವರ ಸ್ವತ್ತು. ಎಷ್ಟು ಜನರ ಜೊತೆ ಹಂಚಿಕೊಂಡರೂ ಅಷ್ಟೇ. ಅವರ ಖಾತೆಯನ್ನು ಕಂಪ್ಯೂಟರ್ ಕೇಂದ್ರ ಅಳಿಸಿದರೆ 20 ದಿನದೊಳಗೆ ಮಾತ್ರ ಮರಳಿ ತರಬಹುದು. ಒನ್‌ಡ್ರೈವ್‌ನಲ್ಲಿ ಬೇರೆ ಏರ್ಪಾಡು ಮಾಡದಿದ್ದರೆ ಈ ಅವಧಿ 30 ದಿನ. ಘಟಿಕೋತ್ಸವದ ಫೋಟೋ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅದೇ "ಶೇರ್ಡ್ ಡ್ರೈವ್"ನಲ್ಲಿ ಇಟ್ಟರೆ ಫೈಲ್ ಗುಂಪಿನ ಸ್ವತ್ತು. ಒಬ್ಬರು ಹೋದರೂ ಫೈಲ್ ಉಳಿಯುತ್ತದೆ. ವಿಭಾಗದ ಯಾವುದೇ ಯೋಜನೆ ಶುರುವಾದ ದಿನವೇ ಶೇರ್ಡ್ ಡ್ರೈವ್ ಕೇಳಿ ಮಾಡಿಸಿಕೊಳ್ಳಿ, ಹಣ ಬೇಕಿಲ್ಲ, ಒಂದು ಇಮೇಲ್ ಸಾಕು.

ಇನ್ನೊಂದು ಗೊಂದಲ ಸಿಂಕ್ ಮತ್ತು ಬ್ಯಾಕಪ್ ನಡುವೆ. ಲ್ಯಾಪ್‌ಟಾಪ್‌ನ ಫೋಲ್ಡರ್ ಡ್ರೈವ್ ಜೊತೆ ಸಿಂಕ್ ಆಗಿದೆ, ಆದ್ದರಿಂದ ಎರಡು ಪ್ರತಿ ಇದೆ ಅಂತ ಜನ ನೆಮ್ಮದಿಯಾಗಿರುತ್ತಾರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ ಮಾರಾಯ್ರೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕು ಫೈಲ್‌ಗಳನ್ನು ಕೆಡಿಸಿದರೆ ಕೆಟ್ಟ ಫೈಲ್‌ಗಳೇ ನಿಷ್ಠೆಯಿಂದ ಮೇಲೆ ಹೋಗುತ್ತವೆ. ಬ್ಯಾಕಪ್ ಅಂದರೆ ಬೇರೆ ಕಡೆ ಇರುವ, ಇಲ್ಲಿ ಮಾಡಿದ್ದಕ್ಕೆ ಅಲುಗಾಡದ ಪ್ರತಿ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ಬ್ಯಾಕಪ್ ಮಾಡುವ ಸ್ಕ್ರಿಪ್ಟನ್ನು, ಅಂದರೆ ಆದೇಶಗಳ ಪಟ್ಟಿಯನ್ನು, ತಿದ್ದಿದರು. ಹಳೆಯ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಹೊಸದನ್ನು ಅದರ ಮೇಲೆ ಬರೆದುಬಿಟ್ಟರು. ಹಳೆಯ ಲಾಗ್‌ಗಳನ್ನು (ಯಂತ್ರ ಬರೆದಿಡುವ ದಿನಚರಿ) ಮಾತ್ರ ಅಳಿಸಬೇಕಿದ್ದ ಆದೇಶ ಸಂಶೋಧಕರ ಫೈಲ್‌ಗಳನ್ನೇ ಅಳಿಸತೊಡಗಿತು. ಸುಮಾರು 77 ಟಿಬಿ, 3.4 ಕೋಟಿ ಫೈಲ್, 14 ಸಂಶೋಧನಾ ತಂಡಗಳ ಕೆಲಸ. ನಾಲ್ಕು ತಂಡಗಳದ್ದು ಮರಳಿ ಸಿಗಲೇ ಇಲ್ಲ. ಅಳಿಸಿದ್ದು ಕಳ್ಳರಲ್ಲ, ಬ್ಯಾಕಪ್ ವ್ಯವಸ್ಥೆಯೇ. ದಕ್ಷಿಣ ಕೊರಿಯಾದಲ್ಲಿ 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಕಾರಿ ನೌಕರರು ಫೈಲ್ ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ಸುಟ್ಟುಹೋಯಿತು. ತುಂಬಾ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ.

ಹಾಗಾಗಿ ಹಳೆಯ ಮೂರು-ಎರಡು-ಒಂದು ಸೂತ್ರವೇ ಗತಿ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ನಮ್ಮ ಸಂಶೋಧಕಿಗೆ ಇದು ದೊಡ್ಡ ಖರ್ಚಲ್ಲ. ಒಂದು ಪ್ರತಿ ವಿಶ್ವವಿದ್ಯಾಲಯದ ಶೇರ್ಡ್ ಡ್ರೈವ್‌ನಲ್ಲಿ, ಒಂದು ವಿಭಾಗದ ಕಪಾಟಿನ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಡಿಸ್ಕ್ ಊರಿನ ಮನೆಯಲ್ಲಿ. ಉಡುಪಿಯಲ್ಲೋ ಧಾರವಾಡದಲ್ಲೋ ಅಪ್ಪನ ಕಪಾಟಿನಲ್ಲಿರುವ ಡಿಸ್ಕ್‌ಗೆ ಮುಂಬಯಿಯ ನೆರೆ ತಟ್ಟುವುದಿಲ್ಲ. ರಜೆಗೆ ಹೋದಾಗಲೆಲ್ಲ ಅದನ್ನು ಹೊಸದು ಮಾಡಿದರಾಯಿತು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವಂತೆ ರೈಡ್ ಮಾಡಿದರೆ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ಕಳ್ಳತನ, ಬೆಂಕಿ, ಕೈತಪ್ಪಿನ ಡಿಲೀಟ್ ಮುಂದೆ ಅದು ಏನೂ ಮಾಡಲಾರದು.

ಕ್ಲೌಡ್ ಬಾಡಿಗೆಯ ಒಂದು ಗುಟ್ಟು

ಯೋಜನೆಗೆ ಅನುದಾನ ಬಂದಿದ್ದರೆ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಇವರ ಕ್ಲೌಡ್ ಸಂಗ್ರಹವನ್ನು ನೇರವಾಗಿ ಕೊಳ್ಳುವ ಮಾತು ಬರುತ್ತದೆ. ಡೇಟಾ ಭಾರತದೊಳಗೇ ಇರಲಿ ಎಂದರೆ ತೊಂದರೆಯಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಇಲ್ಲಿ ತಮ್ಮ ಕೇಂದ್ರಗಳನ್ನು ತೆರೆದವು. ಮೈಕ್ರೋಸಾಫ್ಟ್‌ನ ಒಂದು ಕೇಂದ್ರ ಪುಣೆಯಲ್ಲಿದೆ, ಮಿಕ್ಕ ಇಬ್ಬರೂ ಮುಂಬಯಿಯಲ್ಲೇ ಶುರು ಮಾಡಿದರು. ಖಾತೆ ತೆರೆಯುವಾಗ ವಲಯ ಆರಿಸುವ ಪಟ್ಟಿ ಬರುತ್ತದೆ, ಅಲ್ಲಿ ಸುಮ್ನೆ ಮೊದಲನೆಯದನ್ನು ಒತ್ತಿದರೆ ಫೈಲ್ ಅಮೆರಿಕಕ್ಕೆ ಹೋಗಬಹುದು.

ಗುಟ್ಟು ಇರುವುದು ದರಪಟ್ಟಿಯ ಕೆಳಗೆ. ಇಡುವುದು ಅಗ್ಗ, ತೆಗೆಯುವುದು ದುಬಾರಿ. ಅಮೆಜಾನ್‌ನ ಮುಂಬಯಿ ವಲಯದಲ್ಲಿ ಸಾಧಾರಣ ಸಂಗ್ರಹಕ್ಕೆ ಒಂದು ಜಿಬಿಗೆ ತಿಂಗಳಿಗೆ ಸುಮಾರು ಎರಡೂವರೆ ಸೆಂಟ್. ಅದೇ ಒಂದು ಜಿಬಿಯನ್ನು ಇಂಟರ್ನೆಟ್ ಮೂಲಕ ಹೊರಗೆ ತರಲು ಉಚಿತ ಮಿತಿ ದಾಟಿದ ಮೇಲೆ ಸುಮಾರು ಹನ್ನೊಂದು ಸೆಂಟ್. ಒಂದು ಸಲ ಇಳಿಸಿಕೊಳ್ಳುವ ಖರ್ಚು ನಾಲ್ಕು ತಿಂಗಳು ಇಟ್ಟ ಬಾಡಿಗೆಗಿಂತ ಜಾಸ್ತಿ. ದರಗಳು ಬದಲಾಗುತ್ತಿರುತ್ತವೆ, ಈ ಅನುಪಾತ ಮಾತ್ರ ಹೆಚ್ಚು ಅಲುಗಿಲ್ಲ. ಅಂದರೆ ಅಪರೂಪಕ್ಕೆ ತೆರೆಯುವ ಮೂಲ ರೆಕಾರ್ಡಿಂಗ್‌ಗಳಿಗೆ ಇದು ಸರಿ. ಸಾವಿರ ಜನ ದಿನಾ ಡೌನ್‌ಲೋಡ್ ಮಾಡುವ ವಿಡಿಯೋ ಇಲ್ಲಿಟ್ಟರೆ ಮಾರ್ಚ್‌ನಲ್ಲಿ ಹಣಕಾಸು ವಿಭಾಗದವರು ಮುಖ್ಯಸ್ಥರನ್ನು ಹುಡುಕಿಕೊಂಡು ಬರುತ್ತಾರೆ. ಅನುದಾನದ ಅವಧಿ ಮುಗಿದ ಮೇಲೆ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದನ್ನೂ ಪ್ರಸ್ತಾವದಲ್ಲೇ ಬರೆದುಕೊಳ್ಳಿ. ಬಾಡಿಗೆ ನಿಂತರೆ ಫೈಲ್ ನಿಲ್ಲುವುದಿಲ್ಲ.

ವಿದ್ಯಾರ್ಥಿಗಳ ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಇರುವ ಫೈಲ್‌ಗಳ ಮಾತು ಬೇರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ವಿಭಾಗದಲ್ಲಿ ಒಬ್ಬರು ತೆರೆದ ಹೋಸ್ಟಿಂಗ್ ಖಾತೆಯಿಂದ ಇದೆಲ್ಲ ಆಗುವ ಕೆಲಸವಲ್ಲ. ಅಂಥ ಮಾಹಿತಿ ವಿಶ್ವವಿದ್ಯಾಲಯದ ಮುಖ್ಯ ವ್ಯವಸ್ಥೆಯಲ್ಲೇ ಇರಲಿ. ಪ್ರವೇಶದ ಅರ್ಜಿಗಳನ್ನು "ಲಿಂಕ್ ಇದ್ದವರೆಲ್ಲ ನೋಡಬಹುದು" ಎಂದು ಬಿಟ್ಟು ವಾಟ್ಸಾಪ್ ಗುಂಪಿನಲ್ಲಿ ಹಾಕುವುದನ್ನು ಇವತ್ತೇ ನಿಲ್ಲಿಸಬಹುದು.

ಮುಗಿದ ಕೆಲಸಕ್ಕೆ ಬೇರೆ ಜಾಗ

ಮುಗಿದ ಪ್ರಬಂಧ, ಸಿದ್ಧವಾದ ಸಂಗ್ರಹ ಇವುಗಳಿಗೆ ಡ್ರೈವೂ ಬೇಡ, ಹೋಸ್ಟಿಂಗೂ ಬೇಡ. ಅವು ಹೋಗಬೇಕಾದ್ದು ಖಾಯಂ ಆಗಿ ಕಾಪಾಡುವ ಡಿಜಿಟಲ್ ಭಂಡಾರಕ್ಕೆ. ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ. ಅದು ಡಿಸ್ಪೇಸ್ ಎಂಬ ಉಚಿತ ತಂತ್ರಾಂಶದ ಮೇಲೆ ಓಡುತ್ತದೆ. ಬಯಸಿದರೆ ವಿಶ್ವವಿದ್ಯಾಲಯದ ಗ್ರಂಥಾಲಯವೂ ಅದನ್ನೇ ಹಾಕಿಕೊಳ್ಳಬಹುದು. ಆಡಿಯೋ, ಸ್ಕ್ಯಾನ್, ಕೋಷ್ಟಕ ಇಂಥವಕ್ಕೆ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಝೆನೊಡೊ ಭಂಡಾರ ಉಚಿತ. ಒಂದು ದಾಖಲೆಗೆ 50 ಜಿಬಿವರೆಗೆ ಜಾಗ. ಡಿಒಐ ಎಂಬ ಖಾಯಂ ಗುರುತನ್ನೂ ಕೊಡುತ್ತದೆ. ಸರ್ವರ್ ಬದಲಾದರೂ ಆ ಗುರುತು ಬದಲಾಗುವುದಿಲ್ಲ, ಅಡಿಟಿಪ್ಪಣಿ ಸತ್ತು ಬೀಳುವುದಿಲ್ಲ. ಸಂದರ್ಶನ ಕೊಟ್ಟವರ ಒಪ್ಪಿಗೆ ಇದ್ದರೆ ಮಾತ್ರ ಹಾಕಬೇಕು ಅನ್ನುವುದು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಕನ್ನಡದವರು ನೋಡಿಕೊಳ್ಳಬೇಕಾದ್ದು

ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಕಾಣದ ಕೆಲವು ಕಷ್ಟ ನಮಗಿವೆ. ಲಿನಕ್ಸ್ ಸರ್ವರ್‌ನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಒಂದು ಗುರುತಿಗೆ ಮೂರು ಬೈಟ್ ಅಂದರೆ ಕನ್ನಡಕ್ಕೆ ಸಿಗುವುದು 85 ಗುರುತು. ಒತ್ತು, ಕಾಗುಣಿತ ಎಲ್ಲ ಸೇರಿ. "ಮುಂಬಯಿ ಕನ್ನಡಿಗರ ರಾತ್ರಿಶಾಲೆಗಳು" ಎಂದು ಶುರು ಮಾಡಿ ಸಂದರ್ಶನ, ಹೆಸರು, ದಿನಾಂಕ, ಸ್ಥಳ ಎಲ್ಲ ಸೇರಿಸಿದರೆ ಮಿತಿ ದಾಟಿಯೇ ಬಿಡುತ್ತದೆ. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಫೈಲ್ ಸರ್ವರ್‌ಗೆ ಏರುವಾಗ ತಪ್ಪು ಎಂದು ನಿಲ್ಲುತ್ತದೆ. ಕಾರಣ ಹೊಳೆಯುವುದಿಲ್ಲ.

ವೆಬ್ ವಿಳಾಸದಲ್ಲಿ ಕನ್ನಡ ಹಾಕಿದರೆ ಇನ್ನೊಂದು ತಮಾಷೆ. ಪ್ರತಿ ಗುರುತೂ ಶೇಕಡಾ ಚಿಹ್ನೆಗಳ ಒಂಬತ್ತು ಅಕ್ಷರದ ಸರಪಳಿಯಾಗುತ್ತದೆ. "ಕನ್ನಡ" ಎಂಬ ಒಂದೇ ಪದ ಇಮೇಲ್‌ಗೆ ಅಂಟಿಸಿದಾಗ 45 ಅಕ್ಷರ ಉದ್ದವಾಗಿ ಬರಬಹುದು. ನೋಡಿದವರಿಗೆ ವೈರಸ್ ಲಿಂಕ್ ಅನಿಸುತ್ತದೆ. ಪುಟದ ಒಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ, ವಿಳಾಸ ಮತ್ತು ಫೈಲ್ ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಪೂರ್ತಿ ಕನ್ನಡ ಹೆಸರುಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡರೆ ಆಯಿತು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳಿದ್ದರೆ ಮೇಲೇರಿಸುವ ಮೊದಲು ಯುನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಅವು ಎಲ್ಲಿಟ್ಟರೂ ಹುಡುಕಲು ಸಿಗುವುದಿಲ್ಲ. ಡೇಟಾಬೇಸ್ ಇರುವ ಸೈಟ್ ಆದರೆ ಅದು ಯುನಿಕೋಡ್‌ನಲ್ಲೇ ಉಳಿಸುತ್ತದೆಯೇ ಎಂದು ಒಂದು ಕನ್ನಡ ಸಾಲು ಹಾಕಿ ನೋಡಿ. ಹಳೆಯ ಹೊಂದಿಕೆಯ ಸರ್ವರ್‌ನಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಹಿಂತಿರುಗುತ್ತದೆ.

ಯಾವ ಸೇವೆಯನ್ನೇ ಆರಿಸಿ, ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಜಿಬಿಯ ಒಂದು ಫೋಲ್ಡರ್, ಒಳಗೆ ಕನ್ನಡ ಹೆಸರಿನ ನಾಲ್ಕು ಫೈಲ್, ಒಂದು ಉದ್ದ ಆಡಿಯೋ. ಮೇಲೇರಿಸಿ. ಮರುದಿನ ಬೇರೆ ಕಂಪ್ಯೂಟರ್‌ನಿಂದ, ಬೇರೆಯವರ ಖಾತೆಯಿಂದ ಇಡೀ ಫೋಲ್ಡರನ್ನು ಒಂದೇ ಸಲಕ್ಕೆ ಇಳಿಸಿಕೊಳ್ಳಿ. ಹೆಸರು ಕೆಡದೆ ಬಂತೇ, ಫೈಲ್ ತೆರೆಯಿತೇ, ಎಷ್ಟು ಹೊತ್ತು ಹಿಡಿಯಿತು, ಬಿಲ್ ಏನಾದರೂ ಏರಿತೇ ನೋಡಿ. ಏರಿಸುವುದು ಎಲ್ಲ ಕಂಪನಿಗಳಲ್ಲೂ ಸಲೀಸು. ಪೇಚಾಟ ಶುರುವಾಗುವುದು ಇಳಿಸುವಾಗ.

ಪಿಎಚ್‌ಡಿ ಮುಗಿಸುವವರು ವೈವಾ ದಿನಾಂಕ ಗೊತ್ತಾದ ಕೂಡಲೇ ಗೂಗಲ್ ಟೇಕೌಟ್ ಎಂಬ ಸಾಗಿಸುವ ಸೌಲಭ್ಯದಿಂದ ತಮ್ಮ ಸ್ವಂತದ್ದನ್ನು ಖಾಸಗಿ ಖಾತೆಗೆ ಸಾಗಿಸಲು ಶುರು ಮಾಡಬಹುದು. ಫೈಲ್ ಬಹಳವಿದ್ದರೆ ಇದು ದಿನಗಟ್ಟಲೆ ಹಿಡಿಯುತ್ತದೆ. ಖಾಸಗಿ ಖಾತೆಯನ್ನೂ ಎರಡು ವರ್ಷ ತೆರೆಯದೆ ಬಿಟ್ಟರೆ ಗೂಗಲ್ ಅಳಿಸಬಹುದು, ಆಗಾಗ ಲಾಗಿನ್ ಆಗುತ್ತಿರಿ. ವಿಭಾಗಕ್ಕೆ ಸೇರಿದ್ದನ್ನು ಶೇರ್ಡ್ ಡ್ರೈವ್‌ಗೆ ಎಳೆದುಹಾಕಿ. ಡೊಮೇನ್, ಹೋಸ್ಟಿಂಗ್, ಗಿಟ್‌ಹಬ್ ಯಾವ ಇಮೇಲ್‌ಗೆ ಕಟ್ಟಿಕೊಂಡಿವೆ, ಓಟಿಪಿ ಯಾವ ಫೋನ್‌ಗೆ ಬರುತ್ತದೆ, ಮುಂದಿನ ನವೀಕರಣ ಯಾವ ತಿಂಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗದ ಕಡತಕ್ಕೆ ಸೇರಿಸಿ. ಓಟಿಪಿ ಬರುವ ನಂಬರನ್ನು ನಿಮ್ಮ ಸಿಮ್ ಚಾಲ್ತಿಯಲ್ಲಿರುವಾಗಲೇ ಬದಲಿಸಬೇಕು. ಆಮೇಲೆ ಮಾಡೋಣ ಅಂದರೆ ಬದಲಿಸಲಿಕ್ಕೂ ಮೊದಲು ಅದೇ ನಂಬರಿಗೆ ಓಟಿಪಿ ಬರುತ್ತದೆ.